ಓದುಗರ ಪ್ರಶ್ನೆ: ಸುಣ್ಣ ಅರಳುತ್ತದೆ, ತುಕ್ಕು ಏಕೆ ಅರಳದು?

ಕಳೆದ ಸಂಚಿಕೆಯಲ್ಲಿ ಬೇರೊಂದು ಪ್ರಶ್ನೆಗೆ ಉತ್ತರಿಸುವ ಅವಸರದಲ್ಲಿ, "ಲೋಹದ ಆಕ್ಸೈಡು ನೀರಿಗೆ ಬಿದ್ದರೆ ಪ್ರತ್ಯಾಮ್ಲ, ಅಲೋಹದ ಆಕ್ಸೈಡು ಬಿದ್ದರೆ ಆಮ್ಲ" ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೆ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಆ ಸಾಲನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡಲಿಲ್ಲ. ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಅದನ್ನೇ ಹಿಡಿದು ಜಗ್ಗಿವೆಯಾದ್ದರಿಂದ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಹಳೆಯ ನೇಗಿಲಿನ ಗುಳದಿಂದ ತುಕ್ಕು ಕೆರೆದು ನೀರಿಗೆ ಹಾಕಿ, ಒಂದು ರಾತ್ರಿ ಬಿಟ್ಟು ಕೆಂಪು ಲಿಟ್ಮಸ್ ಕಾಗದವನ್ನು ಅದ್ದಿದೆ. ಕಾಗದ ನೀಲಿಯಾಗಲಿಲ್ಲ. ತುಕ್ಕು ಕಬ್ಬಿಣದ ಆಕ್ಸೈಡು, ಕಬ್ಬಿಣ ಲೋಹ. ಹಾಗಾದರೆ ತಪ್ಪಿದ್ದೆಲ್ಲಿ?
— ಹತ್ತನೇ ತರಗತಿಯ ವಿದ್ಯಾರ್ಥಿನಿ, ಬೇಲೂರು

ಉತ್ತರ: ತಪ್ಪು ನಿಮ್ಮ ಪ್ರಯೋಗದಲ್ಲಿಲ್ಲ, ನನ್ನ ಸಾಲಿನಲ್ಲಿದೆ. "ನೀರಿಗೆ ಬಿದ್ದರೆ" ಎಂದು ಬರೆದದ್ದು ಸಾಲದು, "ನೀರಿನೊಡನೆ ವರ್ತಿಸಿದರೆ" ಎಂದು ಬರೆಯಬೇಕಿತ್ತು. ಬೀಳುವುದೇ ಬೇರೆ, ವರ್ತಿಸುವುದೇ ಬೇರೆ.

ಮೊದಲು ವರ್ತಿಸುವ ಆಕ್ಸೈಡನ್ನು ನೋಡೋಣ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡು ಹೊರಟುಹೋಗಿ ಕ್ಯಾಲ್ಸಿಯಂ ಆಕ್ಸೈಡು, ಅಂದರೆ ಸುಟ್ಟ ಸುಣ್ಣ, ಉಳಿಯುತ್ತದೆ. ಈ ಹರಳಿನ ಮೇಲೆ ನೀರು ಚಿಮುಕಿಸಿದಾಗ ಮೊದಲ ಕ್ಷಣಗಳಲ್ಲಿ ಏನೂ ಆಗುವುದಿಲ್ಲ, ನೀರನ್ನು ಕಲ್ಲು ಸುಮ್ಮನೆ ಕುಡಿದಂತೆ ತೋರುತ್ತದೆ. ಆಮೇಲೆ ಹರಳು ಬಿರುಕು ಬಿಡುತ್ತದೆ, ಸುಂಯ್ ಎಂದು ಹಬೆ ಏಳುತ್ತದೆ, ಗಟ್ಟಿ ಕಲ್ಲು ಪದರಪದರವಾಗಿ ಬಿಚ್ಚಿಕೊಂಡು ಬಿಳಿ ಹಿಟ್ಟಾಗಿ ಉಬ್ಬುತ್ತದೆ. ನಮ್ಮ ಹಿರಿಯರು ಇದನ್ನು ಸುಣ್ಣ "ಅರಳುವುದು" ಎಂದು ಕರೆದರು, ರಸಾಯನಶಾಸ್ತ್ರದ ಪಠ್ಯಗಳಿಗೂ ಅದಕ್ಕಿಂತ ಒಳ್ಳೆಯ ಮಾತು ಸಿಕ್ಕಿಲ್ಲ. ಐವತ್ತಾರು ಗ್ರಾಂ ಸುಟ್ಟ ಸುಣ್ಣ ಹದಿನೆಂಟು ಗ್ರಾಂ ನೀರನ್ನು ತನ್ನೊಳಗೆ ಸೇರಿಸಿಕೊಂಡು ಎಪ್ಪತ್ತನಾಲ್ಕು ಗ್ರಾಂ ಕ್ಯಾಲ್ಸಿಯಂ ಹೈಡ್ರಾಕ್ಸೈಡು ಆಗುತ್ತದೆ. ಒಂದು ಕಿಲೋ ಸುಟ್ಟ ಸುಣ್ಣ ಅರಳುವಾಗ ಹೊರಬರುವ ಶಾಖವನ್ನು ಹಾಳಾಗದಂತೆ ಹಿಡಿದಿಟ್ಟರೆ ಮೂರು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಬಹುದು. ಆದ್ದರಿಂದ ಇದನ್ನು ನೋಡುವ ಆಸೆಯಿದ್ದರೆ ಹಿರಿಯರ ಜೊತೆ ದೂರ ನಿಂತು ನೋಡಿ, ಕಣ್ಣಿಗೆ ಹಾರಿದ ಸುಣ್ಣ ದೃಷ್ಟಿಯನ್ನೇ ಕಳೆಯಬಲ್ಲದು.

ಒಳಗೆ ನಡೆದದ್ದು ಇಷ್ಟು. ಸುಟ್ಟ ಸುಣ್ಣದಲ್ಲಿ ಆಮ್ಲಜನಕವು ಎರಡು ಋಣ ಆವೇಶ ಹೊತ್ತ ಅಯಾನಿನ, ಅಂದರೆ ವಿದ್ಯುದಾವೇಶವಿರುವ ಕಣದ, ರೂಪದಲ್ಲಿರುತ್ತದೆ. ಈ ಆಕ್ಸೈಡು ಅಯಾನಿಗೆ ನೀರಿನಲ್ಲಿ ಹಾಗೆಯೇ ಉಳಿಯುವ ಶಕ್ತಿಯಿಲ್ಲ. ಅದು ನೀರಿನ ಅಣುವಿನಿಂದ ಒಂದು ಜಲಜನಕದ ಅಯಾನನ್ನು ಕಸಿದುಕೊಳ್ಳುತ್ತದೆ, ಕಸಿದುಕೊಂಡದ್ದೂ ಕಳೆದುಕೊಂಡದ್ದೂ ಎರಡೂ ಹೈಡ್ರಾಕ್ಸೈಡು ಅಯಾನುಗಳಾಗುತ್ತವೆ. ಲಿಟ್ಮಸ್ಸನ್ನು ನೀಲಿ ಮಾಡುವುದು ಈ ಹೈಡ್ರಾಕ್ಸೈಡು ಅಯಾನು. ಸೋಡಿಯಂ, ಪೊಟ್ಯಾಸಿಯಂ ಆಕ್ಸೈಡುಗಳು ಇದನ್ನು ರಭಸದಿಂದ ಮಾಡುತ್ತವೆ. ಕ್ಯಾಲ್ಸಿಯಂ ಚೆನ್ನಾಗಿಯೇ ಮಾಡುತ್ತದೆ. ಮೆಗ್ನೀಷಿಯಂ ಆಕ್ಸೈಡು ಅರೆಮನಸ್ಸಿನಿಂದ ಅಷ್ಟಿಷ್ಟು ಕರಗುತ್ತದೆ, ಹೊಟ್ಟೆಯುರಿಗೆ ಕುಡಿಯುವ ಮಿಲ್ಕ್ ಆಫ್ ಮೆಗ್ನೀಷಿಯಾ ಎಂಬ ಬಿಳಿ ಔಷಧಿ ಬಾಯಿ ಸುಡದಿರುವುದಕ್ಕೆ ಅದರ ಈ ಅರೆಮನಸ್ಸೇ ಕಾರಣ.

ಈಗ ನಿಮ್ಮ ತುಕ್ಕು. ಅದರಲ್ಲಿ ಕಬ್ಬಿಣವೂ ಆಮ್ಲಜನಕವೂ ಎಷ್ಟು ಬಿಗಿಯಾಗಿ ಹೆಣೆದುಕೊಂಡಿವೆಯೆಂದರೆ ಬರಿಯ ನೀರಿನಿಂದ ಆ ಹೆಣಿಗೆ ಬಿಚ್ಚುವುದಿಲ್ಲ. ಬಿಚ್ಚದೆ ಹೈಡ್ರಾಕ್ಸೈಡು ಅಯಾನು ಹುಟ್ಟದು, ಅದು ಹುಟ್ಟದೆ ಲಿಟ್ಮಸ್ಸಿಗೆ ಸುದ್ದಿ ಮುಟ್ಟದು. ಕುದುರೆಮುಖದ ಬೆಟ್ಟಗಳ ಹೊಟ್ಟೆಯಲ್ಲಿ ಕಬ್ಬಿಣದ ಆಕ್ಸೈಡು ರಾಶಿರಾಶಿಯಾಗಿದೆ, ಅಲ್ಲಿ ಹುಟ್ಟಿ ಹರಿದು ಬರುವ ಭದ್ರೆಯ ನೀರು ಅದರಿಂದಾಗಿ ಸುಣ್ಣದ ನೀರಿನಂತೆ ಆಗಿಲ್ಲವಲ್ಲ.

ಹಾಗಿದ್ದರೆ ತುಕ್ಕನ್ನು ಪ್ರತ್ಯಾಮ್ಲೀಯ ಆಕ್ಸೈಡು ಎನ್ನುವುದೇಕೆ? ಅದು ಆಮ್ಲವನ್ನು ಎದುರಿಸಿ, ಅದರೊಡನೆ ಸೇರಿ ಲವಣವನ್ನೂ ನೀರನ್ನೂ ಕೊಡುತ್ತದೆ ಎಂಬ ಕಾರಣಕ್ಕೆ. ಮನೆಯಲ್ಲಿರುವ ತಾಮ್ರದ ಬಿಂದಿಗೆಯನ್ನು ನೋಡಿ. ವರ್ಷಗಟ್ಟಲೆ ನೀರು ತುಂಬಿಟ್ಟರೂ ಅದರ ಮೇಲಿನ ಕಪ್ಪು ಆಕ್ಸೈಡು ನೀರಿಗೆ ಕರಗಿ ಹೋಗುವುದಿಲ್ಲ. ಹುಣಸೆಹಣ್ಣಿನಿಂದ ಎರಡು ಸಲ ತಿಕ್ಕಿದರೆ ಕಪ್ಪು ಹೋಗಿ ಕೆಂಪು ತಾಮ್ರ ಹೊಳೆಯುತ್ತದೆ, ಏಕೆಂದರೆ ಹುಣಸೆಯ ಟಾರ್ಟಾರಿಕ್ ಆಮ್ಲ ಆ ಆಕ್ಸೈಡಿನೊಡನೆ ಕೂಡಿ ಕರಗುವ ಲವಣವಾಗುತ್ತದೆ. ಪ್ರತ್ಯಾಮ್ಲ ಮತ್ತು ಕ್ಷಾರ ಎಂಬ ಎರಡು ಪದಗಳನ್ನು ಪಠ್ಯಪುಸ್ತಕ ಬೇರೆಬೇರೆಯಾಗಿ ಇಟ್ಟಿರುವುದು ಇದಕ್ಕೇ: ಆಮ್ಲವನ್ನು ತಟಸ್ಥಗೊಳಿಸುವ ಎಲ್ಲವೂ ಪ್ರತ್ಯಾಮ್ಲ, ಅವುಗಳಲ್ಲಿ ನೀರಿನಲ್ಲಿ ಕರಗುವಂಥದ್ದು ಮಾತ್ರ ಕ್ಷಾರ. ತುಕ್ಕು ಪ್ರತ್ಯಾಮ್ಲ ಹೌದು, ಕ್ಷಾರವಲ್ಲ.

ಅಲೋಹಗಳ ಕಡೆಯೂ ಇದೇ ಕಥೆ. ಗಂಧಕ ಉರಿದಾಗ ಏಳುವ ಹೊಗೆ ಕಣ್ಣಿನ ತೇವಕ್ಕೆ ತಗುಲಿದ ಕೂಡಲೇ ಉರಿ ಹತ್ತುತ್ತದೆ, ಆ ತೇವದಲ್ಲಿ ಗಂಧಕದ ಡೈಆಕ್ಸೈಡು ಕರಗಿ ಅಲ್ಲಿಯೇ ಸಲ್ಫ್ಯೂರಸ್ ಆಮ್ಲವಾಗುತ್ತದೆ. ಇಲ್ಲಿ ಆಮ್ಲಜನಕವು ಗಂಧಕದೊಡನೆ ಎಲೆಕ್ಟ್ರಾನುಗಳನ್ನು ಹಂಚಿಕೊಂಡಿರುತ್ತದೆ. ನೀರಿನ ಅಣು ಬಂದು ಗಂಧಕದ ಪರಮಾಣುವಿಗೇ ಅಂಟಿಕೊಳ್ಳುತ್ತದೆ ಮತ್ತು ತನ್ನ ಜಲಜನಕದ ಅಯಾನನ್ನು ಸಡಿಲಬಿಡುತ್ತದೆ. ಆದರೆ ಮರಳಿನ ಮುಖ್ಯ ಅಂಶವಾದ ಸಿಲಿಕಾನ್ ಡೈಆಕ್ಸೈಡು ಕೂಡ ಅಲೋಹದ ಆಕ್ಸೈಡೇ, ಅದರ ಮೇಲೆ ಹೇಮಾವತಿ ಹಗಲೂ ರಾತ್ರಿ ಹರಿದರೂ ನದಿ ಹುಳಿಯಾಗಿಲ್ಲ. ಮರಳಿನ ಆಮ್ಲಗುಣ ತೋರಬೇಕಾದರೆ ಬಿಸಿಯಾದ ಗಟ್ಟಿ ಕಾಸ್ಟಿಕ್ ಸೋಡಾ ಬೇಕು.

ಪ್ರಶ್ನೆ: ಅಡಿಕೆಯ ಕೊಳೆರೋಗಕ್ಕೆ ಪ್ರತಿವರ್ಷ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಹೋದ ಮಳೆಗಾಲದಲ್ಲಿ, ಹಿಂದಿನ ವರ್ಷ ಉಳಿದಿದ್ದ ಸುಣ್ಣವನ್ನೇ ತೂಕ ಮಾಡಿ ಹಾಕಿದ್ದೆವು. ದ್ರಾವಣದ ಬಣ್ಣ ಎಂದಿನಂತಿರಲಿಲ್ಲ, ತಗುಲಿದ ಎಲೆಗಳು ಸುಟ್ಟಂತಾದವು. ತೂಕ ಸರಿಯಿದ್ದರೂ ಹೀಗೇಕೆ?
— ಕಾಫಿ ಮತ್ತು ಅಡಿಕೆ ಬೆಳೆಗಾರರು, ಮೂಡಿಗೆರೆ ತಾಲ್ಲೂಕು

ಉತ್ತರ: ನೀವು ತೂಗಿದ್ದು ಸುಣ್ಣವನ್ನಲ್ಲ, ಬಹುಪಾಲು ಸುಣ್ಣದ ಕಲ್ಲಿನ ಪುಡಿಯನ್ನು. ಸುಟ್ಟ ಸುಣ್ಣದ ಚೀಲವನ್ನು ಬಾಯಿ ತೆರೆದಿಟ್ಟರೆ ಅದು ಗಾಳಿಯ ತೇವವನ್ನು ಕುಡಿದು ತಾನಾಗಿ ಅರಳುತ್ತದೆ. ಅರಳಿದ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು, ಎಂದರೆ ಒಂದು ಅಲೋಹದ ಆಕ್ಸೈಡನ್ನು, ಹಿಡಿದುಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟಾಗುತ್ತದೆ. ಗೂಡಿನಲ್ಲಿ ಸುಟ್ಟು ಕಳೆದದ್ದನ್ನು ನಿಮ್ಮ ಉಗ್ರಾಣದ ಗಾಳಿ ಒಂದು ವರ್ಷದಲ್ಲಿ ತಿರುಗಿ ತುಂಬಿಕೊಟ್ಟಿತು. ಮಲೆನಾಡಿನ ತೇವದಲ್ಲಿ ಈ ಕೆಲಸ ಬೇಗ ಸಾಗುತ್ತದೆ. ಕಣ್ಣಿಗೆ ಎರಡೂ ಬಿಳಿ ಪುಡಿ, ತಕ್ಕಡಿಗೂ ವ್ಯತ್ಯಾಸ ತಿಳಿಯದು.

ಬೋರ್ಡೋ ದ್ರಾವಣವನ್ನು 1885ರಲ್ಲಿ ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ ದ್ರಾಕ್ಷಿ ತೋಟಗಳ ರೋಗಕ್ಕಾಗಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಬಳಕೆಗೆ ತಂದರು. ಅದರ ಜೀವಾಳವಿರುವುದು ಸುಣ್ಣದ ಕ್ಷಾರದಲ್ಲಿ. ದ್ರಾವಣದ ಇನ್ನೊಂದು ಭಾಗವಾದ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟು, ನೀರಿನಲ್ಲಿ ಕರಗಿದಾಗ ತಾಮ್ರದ ಅಯಾನು ಬಿಡುಬೀಸಾಗಿರುತ್ತದೆ ಮತ್ತು ಆ ನೀರು ಸ್ವಲ್ಪ ಆಮ್ಲೀಯವೂ ಆಗಿರುತ್ತದೆ. ಇಂಥ ಬಿಡಿ ತಾಮ್ರ ರೋಗದ ಶಿಲೀಂಧ್ರವನ್ನು ಕೊಲ್ಲುವಂತೆ ಎಲೆಯನ್ನೂ ಸುಡುತ್ತದೆ. ಸುಣ್ಣದ ಹೈಡ್ರಾಕ್ಸೈಡು ಅಯಾನುಗಳು ಆ ತಾಮ್ರವನ್ನು ಕರಗದ ನೀಲಿ ಕಣಗಳಾಗಿ ಕಟ್ಟಿಹಾಕುತ್ತವೆ, ಆ ಕಣಗಳು ಕಾಯಿಗೂ ಎಲೆಗೂ ಅಂಟಿಕೊಂಡು ಮಳೆಯಲ್ಲಿ ಚೂರುಚೂರೇ ತಾಮ್ರವನ್ನು ಬಿಡುತ್ತವೆ. ಹಳೆಯ ಸುಣ್ಣದಲ್ಲಿದ್ದ ಕಾರ್ಬೊನೇಟು ನೀರಿನಲ್ಲಿ ಬಲು ಕಡಿಮೆ ಕರಗುವುದರಿಂದ ಹೊತ್ತಿಗೆ ಸರಿಯಾಗಿ ಈ ಕೆಲಸ ಮಾಡಲಾರದು, ಬಿಡಿ ತಾಮ್ರ ಉಳಿದುಬಿಟ್ಟಿತು.

ಒಂದು ಲೆಕ್ಕ ಹೇಳುತ್ತೇನೆ. ಶೇಕಡಾ 1ರ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ರೂಢಿ. ಕಾಗದದ ಮೇಲೆ ಲೆಕ್ಕ ಹಾಕಿದರೆ ಒಂದು ಕಿಲೋ ಮೈಲುತುತ್ತದ ತಾಮ್ರವನ್ನೆಲ್ಲ ಹೈಡ್ರಾಕ್ಸೈಡಾಗಿ ಕಟ್ಟಿಹಾಕಲು ಶುದ್ಧ ಸುಟ್ಟ ಸುಣ್ಣ ಸುಮಾರು 225 ಗ್ರಾಂ ಸಾಕು. ಅಂದರೆ ರೂಢಿಯ ಅಳತೆಯಲ್ಲಿ ನಾಲ್ಕು ಪಟ್ಟು ಧಾರಾಳವಿದೆ. ಅಷ್ಟು ಧಾರಾಳವಿದ್ದೂ ನಿಮ್ಮ ದ್ರಾವಣ ಕೆಟ್ಟಿತೆಂದರೆ ಆ ಚೀಲದಲ್ಲಿ ಜೀವವಿದ್ದ ಸುಣ್ಣ ಎಷ್ಟು ಅಲ್ಪ ಉಳಿದಿತ್ತೆಂದು ನೀವೇ ಊಹಿಸಬಹುದು.

ಇನ್ನು ಮುಂದೆ ಗಟ್ಟಿ ಹರಳಿನ ಸುಣ್ಣವನ್ನೇ ತನ್ನಿ, ನೀರು ಚಿಮುಕಿಸಿದಾಗ ಕಾದು ಅರಳದ ಸುಣ್ಣವನ್ನು ಬದಿಗಿಡಿ. ಮೈಲುತುತ್ತವನ್ನು ಐವತ್ತು ಲೀಟರಿನಲ್ಲಿ, ಸುಣ್ಣವನ್ನು ಅರಳಿಸಿ ತಣಿಸಿ ಸೋಸಿ ಇನ್ನು ಐವತ್ತು ಲೀಟರಿನಲ್ಲಿ ಬೇರೆಬೇರೆಯಾಗಿ ಕದಡಿಕೊಂಡು, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಿ. ಮೈಲುತುತ್ತಕ್ಕೆ ಕಬ್ಬಿಣದ ಪಾತ್ರೆ ಕೂಡದು. ಕೊನೆಗೆ ತಿಕ್ಕಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಬಿಡಿ ತಾಮ್ರ ಇನ್ನೂ ಇದೆಯೆಂದು ಅರ್ಥ, ಸುಣ್ಣದ ನೀರನ್ನು ಇನ್ನಷ್ಟು ಸೇರಿಸಿ ಮತ್ತೆ ನೋಡಿ. ಚಾಕು ಹಾಗೆಯೇ ಹೊಳೆದರೆ ಅಂದೇ ಹೊಡೆದು ಮುಗಿಸಿ, ನಾಳೆಗೆ ಇಡಬೇಡಿ.

ಪ್ರಶ್ನೆ: ನಮ್ಮ ತೋಟದ ಮಣ್ಣು ಕೆಂಪು, ಅದಕ್ಕೆ ಕಾರಣ ಕಬ್ಬಿಣದ ಆಕ್ಸೈಡೆಂದು ಕೇಳಿದ್ದೇವೆ. ಲೋಹದ ಆಕ್ಸೈಡು ತುಂಬಿದ ಮಣ್ಣು ಪ್ರತ್ಯಾಮ್ಲೀಯವಾಗಿರಬೇಕಿತ್ತು. ಮಣ್ಣು ಪರೀಕ್ಷೆಯ ವರದಿಯಲ್ಲಿ ಪಿಎಚ್ 5.1, ಅಂದರೆ ಆಮ್ಲೀಯ, ಎಂದಿದೆ, ಸುಣ್ಣ ಹಾಕಿ ಎಂದು ಬರೆದಿದ್ದಾರೆ.
— ಓದುಗರು, ಸಕಲೇಶಪುರ

ಉತ್ತರ: ಬೇಲೂರಿನ ವಿದ್ಯಾರ್ಥಿನಿಗೆ ಹೇಳಿದ ಮಾತಿನಲ್ಲಿ ನಿಮ್ಮ ಉತ್ತರದ ಅರ್ಧ ಭಾಗವಿದೆ. ಕೆಂಪು ಆಕ್ಸೈಡು ಕರಗದು, ಕರಗದ ಕಾರಣಕ್ಕೇ ಅದು ನಿಮ್ಮ ತೋಟದಲ್ಲಿ ಉಳಿದಿದೆ. ಉಳಿದರ್ಧ ಮಳೆಯ ಕೆಲಸ. ಮೂಲದ ಬಂಡೆಯಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ, ಪೊಟ್ಯಾಸಿಯಂಗಳೂ ಇದ್ದವು. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಬರುವುದರಿಂದ, ಯಾವ ಮಾಲಿನ್ಯವೂ ಇಲ್ಲದಾಗಲೂ ಅದರ ಪಿಎಚ್ ಸುಮಾರು 5.6 ಇರುತ್ತದೆ. ಮಣ್ಣಿನೊಳಗೆ ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡಿ ಅದೇ ಅನಿಲವನ್ನು ಮತ್ತಷ್ಟು ಸೇರಿಸುತ್ತವೆ. ಈ ಸಪ್ಪೆ ಆಮ್ಲ ಸಾವಿರಾರು ಮಳೆಗಾಲಗಳಲ್ಲಿ ಕರಗಬಲ್ಲ ಲೋಹಗಳನ್ನು ತೊಳೆದು ಹಳ್ಳಕ್ಕೆ ಒಯ್ದಿತು, ಕರಗಲಾರದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳನ್ನು ಬಿಟ್ಟುಹೋಯಿತು. ಮಣ್ಣನ್ನು ಕ್ಷಾರೀಯವಾಗಿಡಬಲ್ಲವರು ಊರು ಬಿಟ್ಟರು, ಬಣ್ಣ ಕೊಡುವವರು ಮಾತ್ರ ಮನೆಯಲ್ಲಿ ಉಳಿದರು. ಮಳೆ ಕಡಿಮೆಯಿರುವ ಅರಸೀಕೆರೆ, ಕಡೂರಿನ ಬಯಲಲ್ಲಿ ಸುಣ್ಣದ ಅಂಶ ಅಷ್ಟಾಗಿ ಕೊಚ್ಚಿಹೋಗುವುದಿಲ್ಲ, ಆದ್ದರಿಂದ ಅಲ್ಲಿಯ ಮಣ್ಣಿನ ಸಮಸ್ಯೆಯೇ ಬೇರೆ.

ಇದಕ್ಕೆ ಇನ್ನೊಂದು ವಿಚಿತ್ರ ಸೇರಿಕೊಳ್ಳುತ್ತದೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಅಯಾನು ಮಣ್ಣಿನ ನೀರಿಗೆ ಬರತೊಡಗುತ್ತದೆ. ಆ ಅಯಾನು ತನ್ನ ಸುತ್ತಲಿನ ನೀರಿನ ಅಣುಗಳನ್ನು ಬಲವಾಗಿ ಸೆಳೆದು ಅವುಗಳಿಂದ ಜಲಜನಕದ ಅಯಾನನ್ನು ಹೊರತಳ್ಳುತ್ತದೆ. ಲೋಹವೇ ಇಲ್ಲಿ ಮಣ್ಣನ್ನು ಹುಳಿ ಮಾಡುತ್ತದೆ, ಬೇರಿನ ತುದಿಗಳನ್ನೂ ಕುಗ್ಗಿಸುತ್ತದೆ. ಯೂರಿಯಾ, ಅಮೋನಿಯಂ ಸಲ್ಫೇಟುಗಳು ಮಣ್ಣಿನಲ್ಲಿ ನೈಟ್ರೇಟಾಗುವಾಗಲೂ ಆಮ್ಲ ಹುಟ್ಟುತ್ತದೆ. ಪಿಎಚ್ ಒಂದು ಅಂಕಿ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆಯಾದ್ದರಿಂದ 6ಕ್ಕೂ 5ಕ್ಕೂ ಇರುವುದು ಸಣ್ಣ ಅಂತರವಲ್ಲ.

ವರದಿಯಲ್ಲಿ ಬರೆದ "ಸುಣ್ಣ" ಎಂಬ ಪದದ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಕೃಷಿ ಸುಣ್ಣವೆಂದು ಮಾರುವುದು ಹೆಚ್ಚಾಗಿ ಸುಣ್ಣದ ಕಲ್ಲಿನ ಅಥವಾ ಡಾಲಮೈಟಿನ ಪುಡಿ, ಅದು ಕಾರ್ಬೊನೇಟು, ನಿಧಾನವಾಗಿ ಕೆಲಸ ಮಾಡುವ ಸಾಧು ಪದಾರ್ಥ. ಮೂಡಿಗೆರೆಯವರ ದ್ರಾವಣವನ್ನು ಕೆಡಿಸಿದ ಕಾರ್ಬೊನೇಟೇ ನಿಮ್ಮ ಮಣ್ಣಿಗೆ ಔಷಧಿ. ಆಮ್ಲ ತಗ್ಗಿಸುವ ಶಕ್ತಿಯಲ್ಲಿ ನೂರು ಕಿಲೋ ಶುದ್ಧ ಕಾರ್ಬೊನೇಟು, 74 ಕಿಲೋ ಅರಳಿದ ಸುಣ್ಣ, 56 ಕಿಲೋ ಸುಟ್ಟ ಸುಣ್ಣ ಇವು ಮೂರೂ ಸಮ. ವರದಿ ಕಾರ್ಬೊನೇಟಿನ ಲೆಕ್ಕದಲ್ಲಿ ಹೇಳಿದ ತೂಕವನ್ನು ಸುಟ್ಟ ಸುಣ್ಣದಲ್ಲಿ ಹಾಕಿದರೆ ಪ್ರಮಾಣ ಸುಮಾರು ಎರಡು ಪಟ್ಟಾಗಿ, ಮೇಲ್ಮಣ್ಣಿನಲ್ಲೇ ಇರುವ ಕಾಫಿಯ ನವಿರು ಬೇರುಗಳು ಸುಡಬಹುದು. ಸುಣ್ಣವನ್ನೂ ಅಮೋನಿಯಂ ಗೊಬ್ಬರವನ್ನೂ ಒಟ್ಟಿಗೆ ಹಾಕಬೇಡಿ, ಅಮೋನಿಯಾ ಅನಿಲವಾಗಿ ಹಾರಿ ಗೊಬ್ಬರದ ದುಡ್ಡು ಗಾಳಿಗೆ ಹೋಗುತ್ತದೆ. ಸಂದೇಹವಿದ್ದರೆ ವರದಿಯನ್ನು ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯವರಿಗೆ ತೋರಿಸಿ ಕೇಳಬಹುದು.

ಪ್ರಶ್ನೆ: ತಮ್ಮ ಸಾಲಿಗೆ ಅಪವಾದಗಳು ಬಹಳ. ಕ್ರೋಮಿಯಂ ಟ್ರೈಆಕ್ಸೈಡನ್ನು ನೀರಿಗೆ ಹಾಕಿ ನೋಡಿದ್ದೀರಾ?
— ರಸಾಯನಶಾಸ್ತ್ರ ಉಪನ್ಯಾಸಕರು, ಹಾಸನ

ಉತ್ತರ: ನೋಡಿದ್ದೇನೆ, ಒಪ್ಪಿದ್ದೇನೆ. ಕ್ರೋಮಿಯಂ ಲೋಹವಾದರೂ ಅದರ ಟ್ರೈಆಕ್ಸೈಡು ನೀರಿನಲ್ಲಿ ಕರಗಿ ಕ್ರೋಮಿಕ್ ಆಮ್ಲ ಕೊಡುತ್ತದೆ. ಒಂದೇ ಲೋಹಕ್ಕೆ ಹಲವು ಆಕ್ಸೈಡುಗಳಿದ್ದಾಗ, ಆಮ್ಲಜನಕದ ಪಾಲು ಏರಿದಂತೆ ಆಮ್ಲಗುಣವೂ ಏರುತ್ತದೆ: ಮ್ಯಾಂಗನೀಸಿನ ಮೊದಲ ಆಕ್ಸೈಡು ಪ್ರತ್ಯಾಮ್ಲ, ಅದರ ಹೆಪ್ಟಾಕ್ಸೈಡು ಪಕ್ಕಾ ಆಮ್ಲ. ಅಲ್ಯೂಮಿನಿಯಂ ಮತ್ತು ಸತುವಿನ ಆಕ್ಸೈಡುಗಳು ನೀರಿನಲ್ಲಿ ಮೌನವಾಗಿದ್ದು, ಆಮ್ಲ ಬಂದರೆ ಆಮ್ಲದೊಡನೆಯೂ ಪ್ರಬಲ ಕ್ಷಾರ ಬಂದರೆ ಕ್ಷಾರದೊಡನೆಯೂ ವರ್ತಿಸುವ ಉಭಯಧರ್ಮಿಗಳು. ಅಲೋಹಗಳ ಕಡೆ ಇಂಗಾಲದ ಮಾನಾಕ್ಸೈಡು ಮತ್ತು ಸಾರಜನಕದ ಕೆಳಗಿನ ಎರಡು ಆಕ್ಸೈಡುಗಳು ತಟಸ್ಥ. ನನ್ನ ಸಾಲನ್ನು ಹಿಂತೆಗೆದುಕೊಂಡಿದ್ದೇನೆ.

ಪ್ರಶ್ನೆ: ಆಮ್ಲಜನಕ ಎಂದರೆ ಆಮ್ಲವನ್ನು ಹುಟ್ಟಿಸುವುದು. ಸುಣ್ಣದಲ್ಲಿ ಅದು ಕ್ಷಾರವನ್ನು ಹುಟ್ಟಿಸುತ್ತಿದೆ. ಹೆಸರಿಟ್ಟವರು ಯಾರು?
— ನಿವೃತ್ತ ಕನ್ನಡ ಅಧ್ಯಾಪಕರು, ಅರಸೀಕೆರೆ

ಉತ್ತರ: ಕನ್ನಡದ ಪದ ಒಂದು ಹಳೆಯ ಫ್ರೆಂಚ್ ತಪ್ಪನ್ನು ನಿಷ್ಠೆಯಿಂದ ಕಾಪಾಡಿಕೊಂಡು ಬಂದಿದೆ. ಲವಾಸಿಯೇ ಎಂಬ ಫ್ರೆಂಚ್ ವಿಜ್ಞಾನಿ ಗಂಧಕ, ರಂಜಕ, ಇಂಗಾಲಗಳನ್ನು ಉರಿಸಿ ಬಂದದ್ದನ್ನು ನೀರಿಗೆ ಸೇರಿಸಿದಾಗ ಪ್ರತಿಸಲವೂ ಆಮ್ಲವೇ ಸಿಕ್ಕಿತು. ಉರಿಯಲು ನೆರವಾದ ಅನಿಲವೇ ಎಲ್ಲ ಆಮ್ಲಗಳ ತಾಯಿಯೆಂದು ಅವರು ನಂಬಿ, ಗ್ರೀಕ್ ಮೂಲದಿಂದ "ಆಮ್ಲ ಹುಟ್ಟಿಸುವುದು" ಎಂಬ ಅರ್ಥದ ಹೆಸರನ್ನಿಟ್ಟರು, ಅದೇ ಕನ್ನಡಕ್ಕೆ ಆಮ್ಲಜನಕವಾಗಿ ಬಂತು. ಸುಣ್ಣ ಅವರ ಕಣ್ಣೆದುರಿಗೇ ಇತ್ತಲ್ಲವೇ ಎಂದು ನೀವು ಕೇಳಬಹುದು. ಇತ್ತು. ಆದರೆ 1789ರಲ್ಲಿ ಅವರು ಪ್ರಕಟಿಸಿದ ಮೂಲವಸ್ತುಗಳ ಪಟ್ಟಿಯಲ್ಲಿ ಸುಣ್ಣವೇ ಒಂದು ಮೂಲವಸ್ತುವಾಗಿ ಕೂತಿತ್ತು, ಅದನ್ನು ಒಡೆದು ತೋರಿಸುವ ದಾರಿ ಆಗ ಯಾರಿಗೂ ಸಿಕ್ಕಿರಲಿಲ್ಲ. ಇಂಗ್ಲೆಂಡಿನ ಹಂಫ್ರಿ ಡೇವಿ 1808ರಲ್ಲಿ ವಿದ್ಯುತ್ತಿನ ನೆರವಿನಿಂದ ಕ್ಯಾಲ್ಸಿಯಂ ಲೋಹವನ್ನು ಬೇರ್ಪಡಿಸಿದಾಗ ಸುಣ್ಣದಲ್ಲೂ ಆಮ್ಲಜನಕವಿದೆಯೆಂಬುದು ಖಚಿತವಾಯಿತು. ಅದೇ ಡೇವಿ 1810ರಲ್ಲಿ ಕ್ಲೋರಿನ್ ಒಂದು ಮೂಲವಸ್ತುವೆಂದು ವಾದಿಸಿ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲವೆಂದು ತೋರಿಸಿದರು. ಆಮ್ಲದ ಗುಟ್ಟು ಜಲಜನಕದ ಅಯಾನಿನಲ್ಲಿತ್ತು. ನನ್ನನ್ನು ಕೇಳಿದರೆ ಹೆಸರನ್ನು ಬದಲಿಸುವ ಅಗತ್ಯವಿಲ್ಲ, ಪಾಠ ಮಾಡುವಾಗ ಈ ಕಥೆಯನ್ನೂ ಸೇರಿಸಿ ಹೇಳಿದರೆ ಸಾಕು.

ಪ್ರಶ್ನೆ: ಆರತಿ ತಟ್ಟೆಯಲ್ಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ. ಮಾರನೆಯ ದಿನ ನೋಡಿದರೆ ಆ ಕೆಂಪು ಇರುವುದಿಲ್ಲ. ಏಕೆ?
— ಗೃಹಿಣಿ, ಚಿಕ್ಕಮಗಳೂರು

ಉತ್ತರ: ಅರಿಶಿನಕ್ಕೆ ಬಣ್ಣ ಕೊಡುವ ಕುರ್ಕುಮಿನ್ ಕ್ಷಾರದಲ್ಲಿ ಕೆಂಪು, ಆಮ್ಲದಲ್ಲೂ ತಟಸ್ಥ ನೀರಿನಲ್ಲೂ ಹಳದಿ. ರಾತ್ರಿಯಿಡೀ ತೆರೆದಿಟ್ಟ ತಟ್ಟೆಗೆ ಗಾಳಿಯ ಇಂಗಾಲದ ಡೈಆಕ್ಸೈಡು ಇಳಿದು ಸುಣ್ಣವನ್ನು ಕಾರ್ಬೊನೇಟಾಗಿಸುತ್ತದೆ, ನೀರಿನ ಕ್ಷಾರಗುಣ ತಗ್ಗುತ್ತದೆ. ಎಲೆ ಅಡಿಕೆಯ ಡಬ್ಬಿಯಲ್ಲಿ ಸುಣ್ಣದ ಮೇಲೆ ನಿಂತ ತಿಳಿನೀರಿಗೆ ತೆಳ್ಳಗೆ ಕೆನೆಗಟ್ಟಿ, ಬೆರಳು ತಾಗಿಸಿದರೆ ಚಕ್ಕೆಯಾಗಿ ಒಡೆಯುವುದನ್ನು ನೀವು ಕಂಡಿರುತ್ತೀರಿ, ಅದೂ ಇದೇ ಕಾರ್ಬೊನೇಟು. ಇದರ ಜೊತೆಗೆ ಕುರ್ಕುಮಿನ್ ಕೂಡ ಕ್ಷಾರದಲ್ಲಿ ಹೆಚ್ಚು ಹೊತ್ತು ಬಾಳದೆ ಒಡೆದುಹೋಗುತ್ತದೆ. ನಿಮ್ಮ ತಟ್ಟೆಯಲ್ಲಿ ಯಾವುದರ ಪಾಲು ಹೆಚ್ಚೆಂದು ತಿಳಿಯಬೇಕಾದರೆ ಬೆಳಿಗ್ಗೆ ಅದಕ್ಕೆ ಹೊಸದಾಗಿ ಚಿಟಿಕೆ ಸುಣ್ಣ ಹಾಕಿ ಕದಡಿ ನೋಡಿ. ಕೆಂಪು ಮರಳಿದರೆ ಕ್ಷಾರ ಮಾತ್ರ ಕಡಿಮೆಯಾಗಿತ್ತು. ಮರಳದಿದ್ದರೆ ಅರಿಶಿನವೇ ತೀರಿತ್ತು, ಅದನ್ನೂ ಒಂದು ಚಿಟಿಕೆ ಹಾಕಬೇಕು.